ಹೋತಕ್ಕೆ ಬಿಡದ ಮೇಕೆಗೆ ಕೆಚ್ಚಲು ಬಂದಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಕಡೂರು ತಾಲ್ಲೂಕು. ಮನೆಯಲ್ಲೇ ಹುಟ್ಟಿದ ಹೆಣ್ಣು ಮೇಕೆಗೆ ಈಗ ಒಂಬತ್ತು ತಿಂಗಳು. ಹೋತಕ್ಕೆ ಬಿಟ್ಟೇ ಇಲ್ಲ, ಆದರೂ ಹತ್ತು ದಿನದಿಂದ ಕೆಚ್ಚಲು ತುಂಬಿಕೊಳ್ಳುತ್ತಿದೆ. ಮೇವು ಚೆನ್ನಾಗಿಯೇ ತಿನ್ನುತ್ತದೆ. ಜೊತೆಗೆ ಹುಟ್ಟಿದ ಗಂಡು ಮರಿಯನ್ನು ಐದು ತಿಂಗಳಾದಾಗ ಮಾರಿದೆವು. ಹಾಲು ಕರೆದುಬಿಡಬಹುದೇ? ಹಿಂಡಿ ನಿಲ್ಲಿಸಬೇಕೇ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಮೊದಲು ಗಬ್ಬವೋ ಅಲ್ಲವೋ ತಿಳಿಯಬೇಕು.

ಒಡಹುಟ್ಟಿದ ಮರಿಯನ್ನು ಹೋತ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ನಾಲ್ಕು ತಿಂಗಳ ಗಂಡು ಮರಿ ಗಬ್ಬ ಕಟ್ಟಿಸಬಲ್ಲದು, ಐದು ತಿಂಗಳ ಹೆಣ್ಣು ಬೆದೆಗೆ ಬರಬಲ್ಲದು. ಮೇಕೆಯ ಗಬ್ಬದ ಅವಧಿ ಸುಮಾರು 150 ದಿನ. ಚೊಚ್ಚಲಿಗೆ ಈಯುವ ತಿಂಗಳು, ಒಂದೂವರೆ ತಿಂಗಳ ಮುಂಚೆ ಕೆಚ್ಚಲು ತುಂಬತೊಡಗುತ್ತದೆ. ನಿಮ್ಮ ಲೆಕ್ಕ ಇದಕ್ಕೆ ಸರಿಯಾಗಿ ಕೂಡುತ್ತದೆ. ಮರಿ ಮಾರಿದ ದಿನಕ್ಕೆ 155 ದಿನ ಸೇರಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಲ್ಲಿಯವರೆಗೆ ಗಬ್ಬ ಎಂದೇ ನೋಡಿಕೊಳ್ಳಿ.

ಬೆಳಿಗ್ಗೆ ಮೇವು ಹಾಕುವ ಮುಂಚೆ ಮೇಕೆಯ ಹಿಂದೆ ಕೂತು, ಕೆಚ್ಚಲಿನ ಮುಂದೆ ಹೊಟ್ಟೆಯಡಿ ಎರಡೂ ಅಂಗೈ ಕೊಟ್ಟು ಮೆಲ್ಲಗೆ ಎತ್ತಿ ಹಿಡಿಯಿರಿ. ಬಲಗಡೆ ಗಟ್ಟಿಯಾದದ್ದು ಕೈಗೆ ತಟ್ಟಿದರೆ ಮರಿ ಇದೆ. ತಟ್ಟದಿದ್ದರೆ ಇಲ್ಲವೆಂದು ಹೇಳಲಾಗದು, ಸ್ಕ್ಯಾನಿಂಗ್ ಮಾಡಿಸಿ. ಹಾಸನದ ಪಶುವೈದ್ಯಕೀಯ ಕಾಲೇಜು ನಿಮಗೆ ದೂರವಲ್ಲ.

ಗಬ್ಬವಾಗಿದ್ದರೆ ಹಿಂಡಿ ನಿಲ್ಲಿಸುವುದೇ ಅಪಾಯ. ಕೊನೆಯ ಆರು ವಾರದಲ್ಲೇ ಮರಿ ಹೆಚ್ಚು ಬೆಳೆಯುತ್ತದೆ. ಆಗ ಹೊಟ್ಟೆಗೆ ಕಡಿಮೆಯಾದರೆ ಮೇಕೆ ನಂಜೇರಿ ಮಲಗಿಬಿಡುತ್ತದೆ. ದಿನಕ್ಕೆ 200–250 ಗ್ರಾಂವರೆಗೆ ನಿಧಾನವಾಗಿ ಏರಿಸಿ. ಸಣ್ಣ ವಯಸ್ಸಿನ ಮೇಕೆ, ಈಯುವುದು ಕಷ್ಟವಾಗಬಹುದು. ಜೋರಾಗಿ ಮುಕ್ಕಿ ಅರ್ಧ ಗಂಟೆಯಾದರೂ ಮರಿ ಕಾಣದಿದ್ದರೆ ವೈದ್ಯರನ್ನು ಕರೆಯಿರಿ. ಪಶು ಸಹಾಯವಾಣಿ 1962.

ಗಬ್ಬವಿಲ್ಲದೆಯೂ ಕೆಲವಕ್ಕೆ, ಅದರಲ್ಲೂ ಹಾಲಿನ ತಳಿಗಳಿಗೆ, ಕೆಚ್ಚಲು ಬರುವುದುಂಟು. ಬೂಷ್ಟು ಹಿಡಿದ ಮುಸುಕಿನ ಜೋಳದ ವಿಷಕ್ಕೂ ಹೀಗಾಗುತ್ತದೆ, ಮಳೆಗಾಲದಲ್ಲಿ ಚೀಲದ ತಳಕ್ಕೆ ಕೈ ಹಾಕಿ ನೋಡಿ. ಹುಸಿಗಬ್ಬವಾದರೆ ಹೊಟ್ಟೆಯೂ ಉಬ್ಬುತ್ತದೆ, ಒಳಗೆ ಇರುವುದು ನೀರು ಮಾತ್ರ. ಅದಕ್ಕೆ ಕೊಡುವ ಇಂಜೆಕ್ಷನ್ ಮರಿಯಿದ್ದರೆ ಕಂದು ಹಾಕಿಸುತ್ತದೆ, ಸ್ಕ್ಯಾನಿಂಗ್ ಆಗದೆ ಹಾಕಿಸಬೇಡಿ. ಯಾವುದೂ ಅಲ್ಲವೆಂದಾದರೆ ಹಿಂಡಿ ಕಡಿಮೆ ಮಾಡಿ, ಒಣಮೇವು ಹೆಚ್ಚಿಸಿ. ನೀರು ಮಾತ್ರ ಕಡಿಮೆ ಮಾಡಬೇಡಿ. ಕೆಚ್ಚಲು ತಾನಾಗಿ ಇಳಿಯುತ್ತದೆ.

ಹಾಲು ಕರೆಯಬೇಡಿ ಎಂದದ್ದೇಕೆ? ತೊಟ್ಟಿನ ತುದಿಯಲ್ಲಿ ಮೇಣದಂಥ ಬಿರಡೆ ಇರುತ್ತದೆ. ಒಮ್ಮೆ ಹಿಂಡಿದರೆ ಅದು ಹೋಗಿ ರೋಗಾಣುವಿಗೆ ದಾರಿ ತೆರೆಯುತ್ತದೆ. ಬರಿದಾದಷ್ಟೂ ಹಾಲು ಮತ್ತೆ ಇಳಿಯುತ್ತದೆ. ಆದರೆ ಒಂದೇ ಕಡೆ ಬಿಸಿಯಾಗಿ ಗಟ್ಟಿಯಾದರೆ, ಮೇಕೆ ಹಿಂಗಾಲು ಅಗಲಿಸಿ ನಡೆದರೆ, ಜ್ವರ 104 ಡಿಗ್ರಿ ದಾಟಿದರೆ ಅದು ಕೆಚ್ಚಲು ಬಾವು, ಅಂದೇ ತೋರಿಸಿ. ಕೆಚ್ಚಲು ನೀಲಿಗಟ್ಟಿ ತಣ್ಣಗಾದರೆ ಗಂಟೆಯೂ ಕಾಯಬೇಡಿ.