ಮಂದ ಬೆಳಕಿನ ಹಳೇ ಸ್ಕೂಟರ್: ಬಲ್ಬಿಗಿಂತ ಮೊದಲು ವೈರಿಂಗ್ ನೋಡಿ

ಪ್ರಶ್ನೆ: ನನ್ನದು 6 ವೋಲ್ಟ್‌ನ ಹಳೇ ಬಜಾಜ್ ಚೇತಕ್, ಬ್ಯಾಟರಿ ಇಲ್ಲ. ಹೊಸ ಬಲ್ಬ್ ಹಾಕಿದರೂ ಹೆಡ್‌ಲೈಟ್ ಸೀಮೆಎಣ್ಣೆ ಬುಡ್ಡಿಯ ಹಾಗೆ ಉರಿಯುತ್ತದೆ. ಮ್ಯಾಗ್ನೆಟ್ (ಎಂಜಿನ್ ಜೊತೆ ತಿರುಗಿ ಕಾಯಿಲ್‌ನಲ್ಲಿ ಕರೆಂಟ್ ಹುಟ್ಟಿಸುವ ಚಕ್ರ) ಶಕ್ತಿ ಹೋಗಿದೆ, ಬದಲಾಯಿಸಿ ಎನ್ನುತ್ತಾರೆ ಮೆಕ್ಯಾನಿಕ್. ನಿಜವೇ? (ಶಿವಮೊಗ್ಗದ ಓದುಗರು)

ಉತ್ತರ: ದುಡ್ಡು ಬಿಚ್ಚುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಎಂಜಿನ್ ಪಕ್ಕದ ಜಂಕ್ಷನ್ ಬಾಕ್ಸ್ ತೆಗೆದು, ಕಾಯಿಲ್‌ನಿಂದ ಬರುವ ಲೈಟಿನ ವೈರನ್ನು ಮೇಲಿನ ವೈರಿಂಗ್‌ನಿಂದ ಬಿಡಿಸಿ. ಅಲ್ಲಿಂದ ಒಂದು ವೈರ್, ಎಂಜಿನ್ ಕೇಸಿಂಗ್ ಬೋಲ್ಟಿನಿಂದ ಇನ್ನೊಂದು ವೈರ್ ಎಳೆದು ಅದೇ ಹೆಡ್‌ಲೈಟ್ ಬಲ್ಬಿಗೆ ನೇರ ಕೊಡಿ. ಎಂಜಿನ್ ಸ್ಟಾರ್ಟ್ ಮಾಡಿ ಮಧ್ಯಮ ವೇಗಕ್ಕೆ ತನ್ನಿ, ಅದಕ್ಕಿಂತ ಹೆಚ್ಚು ರೈಸ್ ಮಾಡಬೇಡಿ. ಬಲ್ಬ್ ಬೆಳ್ಳಗೆ ಉರಿದರೆ ಮ್ಯಾಗ್ನೆಟ್ಟೂ ಕಾಯಿಲ್ಲೂ ಸರಿಯಾಗಿವೆ, ಕಳ್ಳ ಕೂತಿರುವುದು ದಾರಿಯಲ್ಲಿ. ಇಲ್ಲೂ ಮಂಕಾಗಿದ್ದರೆ ಮಾತ್ರ ಮ್ಯಾಗ್ನೆಟ್ ಬಿಚ್ಚಿಸಿ. ಆಗಲೂ ಮೊದಲು ನೋಡಬೇಕಾದ್ದು ಕಾಯಿಲ್ ಪ್ಲೇಟಿನಿಂದ ಹೊರಬರುವ ವೈರ್‌ಗಳನ್ನು: ಶಾಖಕ್ಕೂ ಎಣ್ಣೆಗೂ ಅವುಗಳ ಹೊದಿಕೆ ಬಿಸ್ಕತ್ತಿನಂತೆ ಉದುರಿ, ತಾಮ್ರ ಕೇಸಿಂಗ್‌ಗೆ ತಾಗುತ್ತಿರುತ್ತದೆ.

ದಾರಿಯಲ್ಲಿ ಎಷ್ಟು ಸೋರುತ್ತಿದೆ ಎಂಬುದನ್ನೂ ಅಳೆಯಬಹುದು. ವೈರನ್ನು ಮತ್ತೆ ಜೋಡಿಸಿ ಹೆಡ್‌ಲೈಟ್ ಹಾಕಿ, ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಡಿ. ಒಂದು ತುದಿ ಜಂಕ್ಷನ್ ಬಾಕ್ಸ್‌ನ ಲೈಟ್ ವೈರಿಗೆ, ಇನ್ನೊಂದು ತುದಿ ಹೋಲ್ಡರ್‌ನಲ್ಲಿ ಉರಿಯುತ್ತಿರುವ ಫಿಲಮೆಂಟಿನ ಕಾಂಟ್ಯಾಕ್ಟಿಗೆ. ಆಮೇಲೆ ಹೋಲ್ಡರ್‌ನ ಅರ್ಥ್‌ಗೂ (ಕರೆಂಟ್ ವಾಪಸ್ ಹೋಗುವ ದಾರಿ) ಎಂಜಿನ್ ಕೇಸಿಂಗ್‌ಗೂ ನಡುವೆ. ಎರಡು ಕಡೆಯೂ 0.3 ವೋಲ್ಟಿನೊಳಗೆ ಇರಬೇಕು. 6 ವೋಲ್ಟಿನಲ್ಲಿ 35 ವ್ಯಾಟ್ ಬಲ್ಬ್ ಸುಮಾರು 5.8 ಆಂಪಿಯರ್ ಎಳೆಯುತ್ತದೆ. ಎಲ್ಲ ಜೋಡಣೆ ಸೇರಿ 0.1 ಓಮ್ ತಡೆ ಇದ್ದರೂ 0.6 ವೋಲ್ಟ್ ಹೋಯಿತು, ಅಂದರೆ ಹತ್ತರಲ್ಲೊಂದು ಪಾಲು. ಬೆಳಕು ಮಾತ್ರ ಅಷ್ಟಕ್ಕೇ ನಿಲ್ಲದೆ ಸುಮಾರು ಮೂರನೇ ಒಂದು ಪಾಲು ಇಳಿಯುತ್ತದೆ.

ಹೆಚ್ಚಿನ ಗಾಡಿಗಳಲ್ಲಿ ಅಪರಾಧಿ ಅರ್ಥ್. ಎಂಜಿನ್ ಕೂತಿರುವುದು ರಬ್ಬರ್ ಬುಷ್ ಮೇಲೆ. ಹ್ಯಾಂಡಲ್‌ಗೂ ಬಾಡಿಗೂ ನಡುವೆ ಇರುವುದು ಗ್ರೀಸ್ ತುಂಬಿದ ಬಾಲ್ ರೇಸ್. ಅರ್ಥ್ ವೈರ್ ತುಕ್ಕು ಹಿಡಿದಿದ್ದರೆ ಕರೆಂಟ್ ಕ್ಲಚ್ ಕೇಬಲ್, ಗೇರ್ ಕೇಬಲ್ ಹಿಡಿದುಕೊಂಡು ಹೇಗೋ ವಾಪಸ್ ಹೋಗುತ್ತಿರುತ್ತದೆ. ಹೋಲ್ಡರ್‌ನಿಂದ ಬಾಡಿಗೆ, ಬಾಡಿಯಿಂದ ಎಂಜಿನ್ ಕೇಸಿಂಗ್‌ಗೆ 1.5 ಚದರ ಮಿಮೀ ತಾಮ್ರದ ವೈರನ್ನು ಪ್ರತ್ಯೇಕ ಹಾಕಿ. ವೈರ್ ತುದಿಯ ಲಗ್ ಕೂರುವ ಕಡೆ ಪೇಂಟ್ ಕೆರೆದು ಲೋಹ ಹೊಳೆಯುವಂತೆ ಮಾಡಿ, ಬಿಗಿ ಮಾಡಿದ ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗುವಷ್ಟು ವೈರ್ ಸಡಿಲ ಇರಲಿ. ಇಷ್ಟು ಮಾಡಿ, ಡಿಮ್-ಡಿಪ್ ಸ್ವಿಚ್‌ನ ಕಾಂಟ್ಯಾಕ್ಟ್‌ಗಳನ್ನೂ ಕ್ಲೀನರ್ ಹಾಕಿ ತೊಳೆಯಿರಿ.

ಪ್ರಶ್ನೆ: 12 ವೋಲ್ಟ್‌ನ ಎಲ್ಎಂಎಲ್ ವೆಸ್ಪಾ, ಬ್ಯಾಟರಿ ಇಲ್ಲದ ಮಾಡೆಲ್. ಬಲ್ಬ್‌ಗಳು ಒಂದರ ಹಿಂದೆ ಒಂದು ಸುಟ್ಟುಹೋಗುತ್ತಿವೆ. (ತುಮಕೂರಿನ ಓದುಗರು)

ಉತ್ತರ: ರೆಗ್ಯುಲೇಟರ್ ಕೆಲಸ ಮಾಡುತ್ತಿಲ್ಲ. ಮ್ಯಾಗ್ನೆಟ್ ವೇಗ ಹೆಚ್ಚಿದಂತೆ ವೋಲ್ಟೇಜ್ ಏರುತ್ತದೆ; ಹೆಚ್ಚುವರಿಯನ್ನು ಬಾಡಿಗೆ ಇಳಿಸುವುದು ರೆಗ್ಯುಲೇಟರ್. ಅದರ ಅರ್ಥ್ ಕಡಿದರೆ ಅದು ಇದ್ದೂ ಇಲ್ಲದಂತೆ. ಆಗ ಹೆಡ್‌ಲೈಟ್ ಸುಟ್ಟ ಕೂಡಲೇ ಅದರ ಪಾಲಿನ ಕರೆಂಟೂ ಟೈಲ್ ಲೈಟಿನ 5 ವ್ಯಾಟ್ ಬಲ್ಬಿನ ಮೇಲೆ ಬೀಳುತ್ತದೆ. ಹಾಗಾಗಿ ಹೊಸ ರೆಗ್ಯುಲೇಟರ್ ಕೊಳ್ಳುವ ಮೊದಲು ಹಳೆಯದನ್ನು ಬಿಚ್ಚಿ, ಅದು ಕೂರುವ ಜಾಗ ಮತ್ತು ಅರ್ಥ್ ಪಿನ್ ಉಜ್ಜಿ ಮತ್ತೆ ಹಾಕಿ ನೋಡಿ. ಲೈಟ್ ಹಾಕಿ ರೈಸ್ ಮಾಡಿದಾಗ ಮೀಟರ್ 14 ವೋಲ್ಟಿನ ಆಸುಪಾಸು ನಿಲ್ಲಬೇಕು. ಏರುತ್ತಲೇ ಹೋದರೆ ರೆಗ್ಯುಲೇಟರ್ ಬದಲಾಯಿಸಿ.

ಪ್ರಶ್ನೆ: 6 ವೋಲ್ಟ್ ಗಾಡಿಯನ್ನು 12 ವೋಲ್ಟ್‌ಗೆ ಬದಲಿಸಲು ಮ್ಯಾಗ್ನೆಟ್ ಸೆಟ್ ಪೂರ್ತಿ ಬದಲಾಯಿಸಲೇಬೇಕೇ? (ಹಾಸನದ ಓದುಗರು)

ಉತ್ತರ: ಬೇಕೆಂದೇನಿಲ್ಲ. ನಿಮ್ಮ ಕಾಯಿಲ್ 6 ವೋಲ್ಟಿಗೆ ನಿಂತಿರುವುದು ಬಲ್ಬ್‌ಗಳ ಭಾರದಿಂದಲೇ ಹೊರತು ಅದಕ್ಕೆ ಅಷ್ಟೇ ಶಕ್ತಿ ಎಂದಲ್ಲ. 12 ವೋಲ್ಟಿನ ಎಸಿ ರೆಗ್ಯುಲೇಟರ್ ಹಾಕಿ, ಹೆಡ್‌ಲೈಟ್, ಟೈಲ್, ಬ್ರೇಕ್, ಮೀಟರ್ ಬಲ್ಬ್ ಮತ್ತು ಹಾರ್ನ್ ಎಲ್ಲವನ್ನೂ 12 ವೋಲ್ಟಿನದಕ್ಕೆ ಬದಲಿಸಿದರೆ ಸಾಕಾಗುತ್ತದೆ. 35 ವ್ಯಾಟಿಗೆ ಈಗ 2.9 ಆಂಪಿಯರ್ ಸಾಕು, ದಾರಿಯಲ್ಲಿ ಹೋಗುವ ವೋಲ್ಟೂ ಅರ್ಧ. ಹಾರ್ನ್ ಎಸಿಯದ್ದೇ ಆಗಿರಲಿ. ಡಿಸಿ ಹಾರ್ನ್ ಇದರಲ್ಲಿ ಬರೀ ಗೊರಗುಟ್ಟುತ್ತದೆ. ಸ್ಲೋನಲ್ಲಿ ಲೈಟ್ ಮೊದಲಿಗಿಂತ ಮಂದವಾಗಿರುತ್ತದೆ, ಅದನ್ನು ಒಪ್ಪಿಕೊಳ್ಳಬೇಕು.

ಬ್ರೇಕ್ ಸ್ವಿಚ್ ಒಂದನ್ನು ಮರೆಯಬೇಡಿ. ಕೆಲವು ಹಳೇ ವೆಸ್ಪಾ ಮಾದರಿಗಳಲ್ಲಿ ಪೆಡಲ್ ಒತ್ತದಿದ್ದಾಗ ಸ್ವಿಚ್ ಕೂಡಿರುತ್ತದೆ, ಒತ್ತಿದಾಗ ಬಿಡುತ್ತದೆ. ವೈರ್ ಕಳಚಿ, ಮಲ್ಟಿಮೀಟರನ್ನು ಬೀಪ್ (ಕಂಟಿನ್ಯುಟಿ) ಸ್ಥಾನಕ್ಕೆ ಇಟ್ಟು, ಪೆಡಲ್ ಒತ್ತದೆ ಸ್ವಿಚ್‌ಗೆ ಹಿಡಿಯಿರಿ. ಬೀಪ್ ಬಂದರೆ ಸ್ವಿಚ್ ಅದೇ ಬಗೆಯದು. ಒತ್ತಿದಾಗ ಕೂಡುವ ಸ್ವಿಚ್ ತಂದು, ವೈರಿಂಗನ್ನೂ ಅದಕ್ಕೆ ತಕ್ಕಂತೆ ಬದಲಿಸಿ ಹಾಕಿ. ಸಿಡಿಐ (ಎಲೆಕ್ಟ್ರಾನಿಕ್ ಇಗ್ನಿಷನ್) ಜೊತೆ ಪೂರ್ತಿ ಸೆಟ್ ಹಾಕಿಸುವುದಾದರೆ ಮ್ಯಾಗ್ನೆಟ್‌ನ ಟೇಪರ್ (ಮಧ್ಯದ ಇಳಿಜಾರು ತೂತು) ನಿಮ್ಮ ಕ್ರ್ಯಾಂಕಿಗೆ ಹೊಂದುತ್ತದೆಯೇ ನೋಡಿ. ಹಳೇ ಕಾಯಿಲ್ ಪ್ಲೇಟನ್ನು ರೀವೈಂಡಿಂಗ್‌ಗೆ ಬಿಚ್ಚುವುದಾದರೆ ಪ್ಲೇಟಿಗೂ ಕೇಸಿಂಗ್‌ಗೂ ಸೇರಿ ಒಂದು ಗೀರು ಹಾಕಿಕೊಳ್ಳಿ, ಇಲ್ಲವಾದರೆ ಕಿಡಿ ಹಾರುವ ಟೈಮಿಂಗ್ ತಪ್ಪುತ್ತದೆ. ಮ್ಯಾಗ್ನೆಟ್ ತೆಗೆಯಲು ಪುಲ್ಲರ್ ಮಾತ್ರ ಬಳಸಿ. ಸುತ್ತಿಗೆ ಏಟಿಗೆ ರಿವೆಟ್ ಸಡಿಲವಾಗುತ್ತದೆ, ಕ್ರ್ಯಾಂಕ್ ತುದಿಯೂ ಹಾಳಾಗುತ್ತದೆ.

ಪ್ರಶ್ನೆ: 12 ವೋಲ್ಟ್ ಚೇತಕ್‌ಗೆ ಎಲ್ಇಡಿ ಹಾಕಿದೆ, ಮಿಣಮಿಣ ಅನ್ನುತ್ತದೆ. ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್ ಹಾಕಿದರೆ ಎಲ್ಲವೂ ಮಂಕಾಯಿತು. (ಧಾರವಾಡದ ಓದುಗರು)

ಉತ್ತರ: ಎಸಿ ಕರೆಂಟ್ ಆದ್ದರಿಂದ ಮಿಣುಕು. ಮಂಕಾಗಲು ಕಾರಣ ಬೇರೆ. ಕಾಯಿಲ್‌ನ ಒಂದು ತುದಿ ಬಾಡಿಗೆ ಅರ್ಥ್ ಆಗಿದೆ; ಬ್ರಿಡ್ಜ್‌ನ ಮೈನಸ್ಸನ್ನೂ ನೀವು ಬಾಡಿಗೇ ಕೊಟ್ಟಿರಿ. ಹಾಗಾಗಿ ಎಸಿಯ ಅರ್ಧ ಅಲೆ ಬ್ರಿಡ್ಜ್‌ನ ಒಂದು ಡಯೋಡ್ ಮೂಲಕ ಶಾರ್ಟ್ ಆಗುತ್ತಿದೆ. ಕೂಡಲೇ ಬಿಚ್ಚಿ, ಕಾಯಿಲ್ ಸುಡುತ್ತದೆ.

ಸರಿಯಾದ ದಾರಿ ಹೀಗಿದೆ. ಕಾಯಿಲ್ ಪ್ಲೇಟ್ ಹೊರತೆಗೆದು, ಲೈಟಿನ ಕಾಯಿಲ್‌ನ ಅರ್ಥ್ ಬೆಸುಗೆಯನ್ನು ಬಿಡಿಸಿ, ಆ ತುದಿಗೆ ಶಾಖ ತಡೆಯುವ ಇನ್ನೊಂದು ವೈರ್ ಬೆಸೆದು ಹೊರಗೆ ತನ್ನಿ. ಇಗ್ನಿಷನ್ ಕಾಯಿಲ್‌ನ ಅರ್ಥ್ ಮುಟ್ಟಬೇಡಿ. ಈ ಎರಡೂ ತುದಿಗಳನ್ನು ಫುಲ್ ವೇವ್ ರೆಗ್ಯುಲೇಟರ್-ರೆಕ್ಟಿಫೈಯರ್‌ಗೆ ಕೊಟ್ಟು, ಹಳೇ ಎಸಿ ರೆಗ್ಯುಲೇಟರ್ ತೆಗೆದುಹಾಕಿ. ಮೈನಸ್ ಈಗ ಬಾಡಿಗೆ ಹೋಗಬಹುದು. ಪ್ಲಸ್‌ಗೆ 12 ವೋಲ್ಟ್ 5 ಎಎಚ್ ಬ್ಯಾಟರಿ, ಅದರ ಪಕ್ಕದಲ್ಲೇ 10 ಆಂಪಿಯರ್ ಫ್ಯೂಸ್. ಮಧ್ಯಮ ವೇಗದಲ್ಲಿ ಬ್ಯಾಟರಿ ಮೇಲೆ 13.8ರಿಂದ 14.5 ವೋಲ್ಟ್ ಬರಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಹಾರ್ನ್ ಈಗ ಡಿಸಿಯದ್ದೇ ಬೇಕು.

ಇಷ್ಟಾದರೂ ಹಳೇ ರಿಫ್ಲೆಕ್ಟರ್‌ಗೆ ಎಲ್ಲ ಎಲ್ಇಡಿಯೂ ಹೊಂದುವುದಿಲ್ಲ. ಚಿಪ್‌ಗಳು ಫಿಲಮೆಂಟ್ ಇದ್ದ ಜಾಗದಲ್ಲೇ ಇರದಿದ್ದರೆ ಬೆಳಕು ಚದುರಿ ಎದುರಿನವರ ಕಣ್ಣು ಕುಕ್ಕುತ್ತದೆ. ಗೋಡೆಯಿಂದ 5 ಮೀಟರ್ ದೂರ ಗಾಡಿ ನಿಲ್ಲಿಸಿ, ಸೀಟಿನ ಮೇಲೆ ಒಬ್ಬರು ಕೂತಿರಲಿ. ಹೆಡ್‌ಲೈಟ್ ಮಧ್ಯದ ಎತ್ತರಕ್ಕೆ ಗೆರೆ ಎಳೆಯಿರಿ. ಡಿಪ್ ಹಾಕಿದಾಗ ಬೆಳಕಿನ ಮೇಲಂಚು ಗೆರೆಗಿಂತ ಸುಮಾರು 5 ಸೆಂಮೀ ಕೆಳಗೆ ಸ್ಪಷ್ಟವಾಗಿ ಕಾಣಬೇಕು. ಅಂಚೇ ಕಾಣದಿದ್ದರೆ ಆ ಬಲ್ಬ್ ಬೇಡ.

ಪ್ರಶ್ನೆ: ಎಲ್ಇಡಿ ಬದಲು 60/55 ವ್ಯಾಟಿನ ಎಚ್4 ಹ್ಯಾಲೊಜೆನ್ ಹಾಕಬಹುದೇ? (ಉಡುಪಿಯ ಓದುಗರು)

ಉತ್ತರ: ಬೇಡ. ಅದಕ್ಕೆ 5 ಆಂಪಿಯರ್ ಬೇಕು, ನಿಮ್ಮ ಮ್ಯಾಗ್ನೆಟ್ ಕೊಡಲಾರದು, ಹಳದಿಯಾಗಿ ಉರಿಯುತ್ತದೆ. 35/35 ವ್ಯಾಟಿನ ಹ್ಯಾಲೊಜೆನ್, ನಿಮ್ಮ ಹೋಲ್ಡರ್‌ಗೆ ಕೂರುವಂಥದ್ದು ಸಿಕ್ಕರೆ ಅದನ್ನು ಹಾಕಿ. ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹಳೇ ಬಲ್ಬ್ ತೋರಿಸಿ ಕೇಳಿ. ರಿಫ್ಲೆಕ್ಟರ್ ಬೆಳ್ಳಿ ಹೊಳಪು ಹೋಗಿ ಬೂದಿ ಬಣ್ಣ ಬಂದಿದ್ದರೆ ಬಟ್ಟೆಯಿಂದ ಒರೆಸಬೇಡಿ, ಉಳಿದದ್ದೂ ಕಿತ್ತು ಬರುತ್ತದೆ. ಗಾಜಿನ ಸಮೇತ ಹೊಸ ಹೆಡ್‌ಲೈಟ್ ಯೂನಿಟ್ ಹಾಕಿ.