ಆಟದಂಗಳ ಪ್ರಶ್ನೋತ್ತರ: ಸುನಿಲ್ ಆಟದ ಲೆಕ್ಕಾಚಾರ

ಪ್ರಶ್ನೆ: ಸೋಮವಾರಪೇಟೆಯ ಎಸ್.ವಿ. ಸುನಿಲ್ ಭಾರತದ ಪರ 264 ಹಾಕಿ ಪಂದ್ಯಗಳನ್ನಾಡಿ 72 ಗೋಲುಗಳನ್ನಷ್ಟೇ ಹೊಡೆದಿದ್ದಾರೆ. ಫಾರ್ವರ್ಡ್ ಆಟಗಾರನಿಗೆ ಇದು ಕಡಿಮೆಯಲ್ಲವೇ?
– ಓದುಗರೊಬ್ಬರು, ಹಾಸನ

ಉತ್ತರ: ಗೋಲುಗಳನ್ನಷ್ಟೇ ಎಣಿಸಿದರೆ ನಾಲ್ಕು ಪಂದ್ಯಕ್ಕೆ ಒಂದಕ್ಕಿಂತ ತುಸು ಹೆಚ್ಚು ಬರುತ್ತದೆ, ಅದು ಬೆರಗು ಹುಟ್ಟಿಸುವ ಲೆಕ್ಕವೇನಲ್ಲ. ಆದರೆ ಸುನಿಲ್ ಅವರ ಆಟವನ್ನು ನೋಡಿದವರು ಈ ತಕ್ಕಡಿಯಲ್ಲಿ ಅವರನ್ನು ತೂಗುವುದಿಲ್ಲ. ಬಲ ಅಂಚಿನಲ್ಲಿ ಚೆಂಡು ಸಿಕ್ಕ ಕೂಡಲೇ ಎದುರಾಳಿ ಡಿಫೆಂಡರ್‌ನನ್ನು ಓಟದಲ್ಲೇ ಹಿಂದಿಕ್ಕಿ, ಬೇಸ್‌ಲೈನ್ ಗುಂಟ ಸಾಗಿ ಗೋಲಿನ ಮುಂದಿನ ಅರ್ಧವೃತ್ತವಾದ 'ಡಿ' ಒಳಗೆ ನುಗ್ಗುವುದು, ಅಲ್ಲಿಂದ ಗೋಲಿನ ಎದುರಿಗೆ ಚೆಂಡನ್ನು ತಳ್ಳುವುದು, ದಾರಿ ಮುಚ್ಚಿದ್ದರೆ ಅದೇ ಚೆಂಡನ್ನು ಡಿಫೆಂಡರ್‌ನ ಕಾಲಿಗೆ ತಾಗಿಸಿ ಆ ತಪ್ಪಿಗೆ ದೊರೆಯುವ ಗೋಲಿನ ಅವಕಾಶವಾದ ಪೆನಾಲ್ಟಿ ಕಾರ್ನರ್ ಗಿಟ್ಟಿಸುವುದು ಅವರ ಕೆಲಸವಾಗಿತ್ತು. ಆ ಕಾರ್ನರ್‌ನಲ್ಲಿ ವಿ.ಆರ್. ರಘುನಾಥ್ ಅಥವಾ ರೂಪಿಂದರ್ ಪಾಲ್ ಸಿಂಗ್ ಚೆಂಡನ್ನು ಕೋಲಿನಿಂದ ಎಳೆದು ಚಿಮ್ಮಿಸುವ ಡ್ರ್ಯಾಗ್ ಫ್ಲಿಕ್ ಹೊಡೆದು ಗೋಲು ಗಳಿಸಿದರೆ ಸ್ಕೋರ್ ಪಟ್ಟಿಯಲ್ಲಿ ಅವರ ಹೆಸರು ಬರುತ್ತದೆಯೇ ಹೊರತು, ಕಾರ್ನರ್ ತಂದುಕೊಟ್ಟವರ ಹೆಸರು ಎಲ್ಲಿಯೂ ಕಾಣುವುದಿಲ್ಲ.

ನಿಯಮಗಳೂ ಅವರ ಕಾಲಕ್ಕೆ ಹೊಂದಿಕೊಂಡವು. ಎದುರಾಳಿಯ ತಪ್ಪಿಗೆ ಫ್ರೀ ಹಿಟ್ ಸಿಕ್ಕ ಆಟಗಾರ ಚೆಂಡನ್ನು ಇನ್ನೊಬ್ಬರಿಗೆ ಕೊಡದೆ ತಾನೇ ಮುಂದಕ್ಕೆ ಒಯ್ಯಬಹುದೆಂಬ ನಿಯಮ 2009ರಲ್ಲಿ ಅಂತರರಾಷ್ಟ್ರೀಯ ಹಾಕಿಗೆ ಬಂದಿತು. ಎದುರಾಳಿಗಳು ತಮ್ಮ ಜಾಗಕ್ಕೆ ಮರಳುವ ಮೊದಲೇ ಓಡಬಲ್ಲವರಿಗೆ ಇದಕ್ಕಿಂತ ದೊಡ್ಡ ವರ ಬೇರೆ ಇರಲಿಲ್ಲ. ಮುಂದೆ 35 ನಿಮಿಷಗಳ ಎರಡು ಅವಧಿ ಹೋಗಿ 15 ನಿಮಿಷಗಳ ನಾಲ್ಕು ಕ್ವಾರ್ಟರ್ ಬಂದಾಗ ಆಟದ ಬಿರುಸು ಇನ್ನಷ್ಟು ಹೆಚ್ಚಿತು. 2016ರಲ್ಲಿ ಏಷ್ಯನ್ ಹಾಕಿ ಫೆಡರೇಷನ್ ಅವರನ್ನು ವರ್ಷದ ಆಟಗಾರನೆಂದು ಆರಿಸಿದ್ದು, ಮರುವರ್ಷ ಅರ್ಜುನ ಪ್ರಶಸ್ತಿ ದೊರೆತದ್ದು ಬರೀ ಗೋಲುಗಳನ್ನು ಎಣಿಸಿಯಂತೂ ಅಲ್ಲ.

ಪ್ರಶ್ನೆ: ಇಷ್ಟು ಅನುಭವಿಯಾದ ಅವರನ್ನು ಟೋಕಿಯೊ ಒಲಿಂಪಿಕ್ಸ್‌ಗೆ ಏಕೆ ಒಯ್ಯಲಿಲ್ಲ? ಇದು ಅನ್ಯಾಯವಲ್ಲವೇ?
– ಓದುಗರೊಬ್ಬರು, ಮೈಸೂರು

ಉತ್ತರ: ನೋವಿನ ಸಂಗತಿಯೆನ್ನಬಹುದು, ಅನ್ಯಾಯವೆನ್ನಲು ನನಗೆ ಮನಸ್ಸು ಬರುವುದಿಲ್ಲ. 2018ರಲ್ಲಿ ಅಭ್ಯಾಸದ ವೇಳೆ ಮೊಣಕಾಲಿಗೆ ಪೆಟ್ಟಾಗಿ, ತವರು ನೆಲದ ಭುವನೇಶ್ವರ ವಿಶ್ವಕಪ್ಪೇ ಅವರ ಕೈತಪ್ಪಿತು. ಓಟವನ್ನೇ ನೆಚ್ಚಿದ ಆಟಗಾರನಿಗೆ ಮೊಣಕಾಲಿನ ಗಾಯವೆಂದರೆ ಬಂಡವಾಳಕ್ಕೇ ಬಿದ್ದ ಹೊಡೆತ. ಆದರೂ ಅವರು ತಂಡಕ್ಕೆ ಮರಳಿ, 2019ರ ನವೆಂಬರ್‌ನಲ್ಲಿ ರಷ್ಯಾ ವಿರುದ್ಧದ ಅರ್ಹತಾ ಪಂದ್ಯಗಳಲ್ಲಿ ಆಡಿದರು. ಭಾರತ 4–2ರಿಂದ ಗೆದ್ದ ಮೊದಲ ಪಂದ್ಯದ ಒಂದು ಗೋಲು ಅವರದೇ. ಭಾರತಕ್ಕೆ ಟೋಕಿಯೊ ದಾರಿ ತೆರೆಯುವುದರಲ್ಲಿ ಪಾಲು ಪಡೆದವರಿಗೇ ಟೋಕಿಯೊದಲ್ಲಿ ಜಾಗ ಸಿಗಲಿಲ್ಲ.

ಇತರ ದೊಡ್ಡ ಟೂರ್ನಿಗಳ ತಂಡದಲ್ಲಿ 18 ಮಂದಿ ಇದ್ದರೆ ಒಲಿಂಪಿಕ್ಸ್‌ಗೆ 16 ಮಂದಿಯನ್ನೇ ಆರಿಸಬೇಕಿತ್ತು. ಕಾಯ್ದಿರಿಸಿದ ಇಬ್ಬರಿಗೂ ಆಡುವ ಅವಕಾಶ ಕೋವಿಡ್ ಕಾರಣದಿಂದ ಕೊನೆಗೆ ದೊರೆಯಿತಾದರೂ, ಆ ಹೊತ್ತಿಗೆ 32 ವರ್ಷದ ಸುನಿಲ್ ಅವರನ್ನು ಮೀರಿ ದಿಲ್‌ಪ್ರೀತ್, ಗುರ್ಜಂತ್, ಶಂಶೇರ್ ಅವರಂಥ ಕಿರಿಯರು ಮುಂದೆ ಬಂದಿದ್ದರು. ಹಾಗೆ ಕಾಯ್ದಿರಿಸಿದವರ ಪಟ್ಟಿಯಿಂದ ಬಂದ ಸಿಮ್ರನ್‌ಜೀತ್ ಸಿಂಗ್ ಜರ್ಮನಿ ವಿರುದ್ಧದ ಕಂಚಿನ ಪಂದ್ಯದಲ್ಲಿ ಎರಡು ಗೋಲು ಹೊಡೆದ ಮೇಲೆ ಆಯ್ಕೆಗಾರರನ್ನು ದೂರುವುದು ಕಷ್ಟ. ಸುನಿಲ್ ಆಡಿದ ಒಲಿಂಪಿಕ್ಸ್‌ಗಳು ಎರಡು: 2012ರ ಲಂಡನ್‌ನಲ್ಲಿ ಭಾರತ ಕಟ್ಟಕಡೆಯ 12ನೇ ಸ್ಥಾನಕ್ಕೆ ಕುಸಿಯಿತು, 2016ರ ರಿಯೊದಲ್ಲಿ ಕ್ವಾರ್ಟರ್ ಫೈನಲ್‌ನಲ್ಲಿ ಬೆಲ್ಜಿಯಂಗೆ 1–3ರಿಂದ ಸೋತಿತು.

ಪ್ರಶ್ನೆ: ಹಾಗಾದರೆ ಅವರ ಪಾಲಿಗೆ ದೊಡ್ಡ ಪದಕಗಳೇ ಇಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬೇಕಾದಷ್ಟಿವೆ. 2007ರಲ್ಲಿ ಚೆನ್ನೈನ ಏಷ್ಯಾ ಕಪ್‌ನಲ್ಲಿ ಚಿನ್ನದೊಂದಿಗೇ ಅವರ ಪಯಣ ಆರಂಭವಾಯಿತು; ಹತ್ತು ವರ್ಷಗಳ ನಂತರ ಢಾಕಾದಲ್ಲಿ ಅದೇ ಕಪ್ ಮತ್ತೆ ದೊರೆಯಿತು. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಾಕಿಸ್ತಾನವನ್ನು ಶೂಟೌಟ್‌ನಲ್ಲಿ ಮಣಿಸಿ ಗೆದ್ದ ಚಿನ್ನವನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ, ಏಕೆಂದರೆ ರಿಯೊಗೆ ನೇರ ಪ್ರವೇಶ ದೊರೆತದ್ದು ಅದರಿಂದಲೇ. 2016 ಮತ್ತು 2018ರ ಚಾಂಪಿಯನ್ಸ್ ಟ್ರೋಫಿಗಳಲ್ಲಿ ಬೆಳ್ಳಿ ಬಂದಿತು, ಎರಡೂ ಬಾರಿ ಆಸ್ಟ್ರೇಲಿಯಾಕ್ಕೆ ಶೂಟೌಟ್‌ನಲ್ಲಿ ಸೋತು.

ಟೋಕಿಯೊ ಕಂಚಿನ ಬೆನ್ನಲ್ಲೇ, 2021ರ ಅಕ್ಟೋಬರ್ 1ರಂದು ಅವರು ನಿವೃತ್ತಿ ಘೋಷಿಸಿದರು. ಐವರ ಹಾಕಿಗೆ ಮಾತ್ರ ತಾನು ಲಭ್ಯನಿರುವುದಾಗಿ ಆಗ ಹೇಳಿದ್ದರು.