ಬಡ್ಡಿ ಇಲ್ಲದ ಕಂತು, ಒಡವೆ ಸಾಲ, ಬಿ.ಕಾಂ. ಫೀಸು

ಪ್ರಶ್ನೆ: ನನಗೆ 34 ವರ್ಷ. ಪಿಯುಸಿ ಮುಗಿಸಿ ವಸಂತನರಸಾಪುರದ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿದ್ದೇನೆ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಕಾಂ. ಮಾಡುವಾಸೆ. ಜೊತೆಗೆ ಆನ್‌ಲೈನ್ ಸಂಸ್ಥೆಯೊಂದು ಟ್ಯಾಲಿ–ಜಿಎಸ್‌ಟಿ ಕೋರ್ಸನ್ನು ತಿಂಗಳಿಗೆ 5,000ದಂತೆ 12 ಕಂತಿಗೆ, 'ಬಡ್ಡಿ ಇಲ್ಲ' ಎಂದು ಕೊಡುತ್ತಿದೆ. ಒಪ್ಪಲೇ, ಒಡವೆ ಅಡ ಇಡಲೇ? ಫೀಸಿಗೆ ತೆರಿಗೆ ವಿನಾಯಿತಿ ಸಿಗುತ್ತದೆಯೇ?
— ಓದುಗರೊಬ್ಬರು, ಗುಬ್ಬಿ

ಉತ್ತರ: ಮೊದಲು ಕಂತಿನ ಲೆಕ್ಕ ನೋಡೋಣ. ಪೂರ್ತಿ ಹಣ ಒಮ್ಮೆಗೇ ಕಟ್ಟಿದರೆ ಎಷ್ಟಕ್ಕೆ ಕೊಡುತ್ತೀರಿ ಎಂದು ಅವರನ್ನು ಕೇಳಿ. 52,000 ಅಂದರೆ, ನೀವು ಕಟ್ಟುವ 60,000ದಲ್ಲಿ 8,000 ಬಡ್ಡಿಯೇ. ಶೇ 15 ತಾನೇ ಅನ್ನಿಸಬಹುದು. ಆದರೆ ಅಸಲು ತಿಂಗಳು ತಿಂಗಳೂ ಕರಗುತ್ತಿರುತ್ತದೆ; ಕೊನೆಯ ಕಂತಿನ ಹೊತ್ತಿಗೆ ನಿಮ್ಮ ಮೇಲೆ ಉಳಿದಿರುವ ಸಾಲ 5,000ಕ್ಕಿಂತ ಕಡಿಮೆ. ಹಾಗಾಗಿ ನಿಜವಾದ ಬಡ್ಡಿ ವರ್ಷಕ್ಕೆ ಸುಮಾರು ಶೇ 27.

ಸಾಲ ಕೊಡುವುದು ಸಾಮಾನ್ಯವಾಗಿ ಕೋರ್ಸಿನವರಲ್ಲ, ಬೇರೊಂದು ಫೈನಾನ್ಸ್ ಕಂಪನಿ. ಪಾಠ ಸರಿಯಿಲ್ಲವೆಂದು ಮೂರನೇ ತಿಂಗಳಿಗೆ ಬಿಟ್ಟರೂ ಖಾತೆಯಿಂದ ಕಂತು ಹೋಗುತ್ತಲೇ ಇರುತ್ತದೆ. ತಪ್ಪಿಸಿದರೆ ಬೌನ್ಸ್ ಚಾರ್ಜು, ಸಿಬಿಲ್ ಸ್ಕೋರಿಗೂ ಪೆಟ್ಟು. ಫೋನಿನಲ್ಲಿ ಮಾತಾಡುತ್ತಲೇ ಒಟಿಪಿ ಹೇಳಿಬಿಡಬೇಡಿ. ಸಾಲದ ದರ, ಶುಲ್ಕಗಳನ್ನೆಲ್ಲ ಬರೆದಿರುವ 'ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್' ಎಂಬ ವಿವರಪತ್ರವನ್ನು ಕೇಳಿ ಪಡೆಯಿರಿ. ರಿಸರ್ವ್ ಬ್ಯಾಂಕ್ ನಿಯಮದಂತೆ ಅದನ್ನು ಕೊಡಲೇಬೇಕು. ಅದರಲ್ಲಿ 'ಎಪಿಆರ್' ಎಂಬ ಸಾಲು ನೋಡಿ, ಪ್ರೊಸೆಸಿಂಗ್ ಫೀಸೂ ಸೇರಿದ ವಾರ್ಷಿಕ ದರ ಅದು. ಡಿಜಿಟಲ್ ಸಾಲಕ್ಕೆ ಒಪ್ಪಿದ ಮೇಲೂ ಮನಸ್ಸು ಬದಲಿಸಲು ಕನಿಷ್ಠ 1 ದಿನದ ಗಡುವು ಕೊಡಬೇಕು; ಆ ಗಡುವಿನೊಳಗೆ ಅಸಲು, ಅಷ್ಟು ದಿನದ ಬಡ್ಡಿ ಕಟ್ಟಿ ದಂಡವಿಲ್ಲದೆ ಹೊರಬರಬಹುದು.

ಕೋರ್ಸ್ ಬೇಕೇ ಬೇಕು ಅನ್ನುವುದಾದರೆ ಒಡವೆ ಸಾಲವೇ ವಾಸಿ. ಬ್ಯಾಂಕಿನಲ್ಲಿ ಶೇ 10ರ ದರಕ್ಕೆ 52,000 ಸಿಕ್ಕಿ, ತಿಂಗಳಿಗೆ 4,600ದಂತೆ ಕಟ್ಟುತ್ತ ಹೋದರೆ ಒಟ್ಟು ಬಡ್ಡಿ 3,000 ದಾಟದು. ಬಹಳ ಜನ ಎಡವುವುದು ವರ್ಷದ ಕೊನೆಗೆ ಬಡ್ಡಿ ಮಾತ್ರ ಕಟ್ಟಿ ರಿನ್ಯೂವಲ್ ಮಾಡಿಸುವಲ್ಲಿ. ಅಸಲು ಹಾಗೇ, ಸರವೂ ಬ್ಯಾಂಕಿನಲ್ಲೇ. ನಡುನಡುವೆ ಅಸಲಿಗೆ ಕಟ್ಟಲು ಬರುತ್ತದೆಯೇ ಎಂದು ಕೇಳಿಕೊಂಡೇ ಸಹಿ ಹಾಕಿ.

ನಮ್ಮನ್ನು ಕೇಳಿದರೆ, ಈ ವರ್ಷ ಬಿ.ಕಾಂ. ಒಂದನ್ನೇ ಹಿಡಿಯಿರಿ. ಅದರ ಫೀಸು ವರ್ಷ ವರ್ಷ ಕಟ್ಟುವಂಥದ್ದು, ಸಾಲ ಬೇಕಾಗಲಾರದು. ಸೇರಿದ ತಿಂಗಳೇ ಮುಂದಿನ ವರ್ಷದ ಫೀಸಿಗೆ ಬ್ಯಾಂಕಿನಲ್ಲಿ 11 ತಿಂಗಳ ಆರ್‌.ಡಿ. ಶುರುಮಾಡಿ. ಅಂಚೆ ಕಚೇರಿಯ ಆರ್‌.ಡಿ. 5 ವರ್ಷದ್ದು, ಇದಕ್ಕೆ ಹೊಂದದು. ಪರೀಕ್ಷಾ ಶುಲ್ಕ ಬೇರೆ ಇದ್ದರೆ ಅದನ್ನೂ ಸೇರಿಸಿಯೇ ಲೆಕ್ಕ ಹಾಕಿ.

ತೆರಿಗೆ ವಿನಾಯಿತಿ ಸ್ವಂತ ಓದಿನ ಫೀಸಿಗಿಲ್ಲ. ಅದು ಮಕ್ಕಳ ಬೋಧನಾ ಶುಲ್ಕಕ್ಕೆ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ. ಒಡವೆ ಸಾಲದ ಬಡ್ಡಿಗೂ ಸಿಗದು.

ಬಿ.ಕಾಂ. ಪ್ರವೇಶಕ್ಕೆ ಯುಜಿಸಿಯ ಡೆಬ್ ಐಡಿ (ದೂರಶಿಕ್ಷಣ ವಿದ್ಯಾರ್ಥಿಯ ಗುರುತು ಸಂಖ್ಯೆ) ಕಡ್ಡಾಯ, ಅದಕ್ಕೆ ಮೊದಲು ಎಬಿಸಿ ಐಡಿ (ಓದಿನ ಕ್ರೆಡಿಟ್‌ಗಳನ್ನು ಜಮಾ ಇಡುವ ಆನ್‌ಲೈನ್ ಖಾತೆಯ ಸಂಖ್ಯೆ) ಬೇಕು. ಇವು ಆಧಾರ್ ಹೆಸರಿನಲ್ಲೇ ಆಗುತ್ತವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು ಇದ್ದರೆ ಅಲ್ಲಿಗೇ ತಡೆ ಬೀಳಬಹುದು. ಎರಡನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ. ವ್ಯತ್ಯಾಸವಿದ್ದರೆ ಆಧಾರ್ ತಿದ್ದುಪಡಿ ಈ ವಾರವೇ ಮಾಡಿಸಿ.